ವಯಸ್ಕ ವಿದ್ಯಾರ್ಥಿಗೆ ಪ್ರಮಾಣಪತ್ರವಷ್ಟೇ ಸಾಕೇ?

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂಬ ಗಾದೆಯನ್ನು ನಾವು ಎಷ್ಟು ಸಲೀಸಾಗಿ ಬಳಸುತ್ತೇವೆಂದರೆ, ಅದು ಎಷ್ಟು ಜನರ ಉತ್ಸಾಹಕ್ಕೆ ತಣ್ಣೀರೆರಚಿದೆ ಎಂಬುದನ್ನು ಯೋಚಿಸುವ ಗೋಜಿಗೇ ಹೋಗುವುದಿಲ್ಲ. ಆದರೂ ಪ್ರತಿವರ್ಷ ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಪ್ರಕಟವಾದಾಗ ಈ ಗಾದೆಯನ್ನು ಸುಳ್ಳಾಗಿಸುವ ಸುದ್ದಿಗಳು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತವೆ. ಮಗಳ ಜೊತೆಯಲ್ಲೇ ಪರೀಕ್ಷೆ ಬರೆದು ತೇರ್ಗಡೆಯಾದ ತಾಯಿ, ಹೋಟೆಲಿನಲ್ಲಿ ದುಡಿಯುತ್ತಲೇ ಓದಿದ ಮಾಣಿ, ನಲವತ್ತು ದಾಟಿದ ಮೇಲೆ ಪದವಿ ಪಡೆದ ಚಾಲಕ. ಸಿಹಿ ತಿನ್ನಿಸುವ ಚಿತ್ರ, ನಾಲ್ಕು ಸಾಲಿನ ಅಭಿನಂದನೆ. ಮೆಚ್ಚುಗೆಯಿಂದ ತಲೆದೂಗಿ ನಾವು ಪುಟ ತಿರುಗಿಸುತ್ತೇವೆ. ಆ ತಾಯಿ ಮುಂದೆ ಏನಾದಳು, ಆ ಅಂಕಪಟ್ಟಿ ಅವಳನ್ನು ಯಾವ ಬಾಗಿಲಿಗೆ ಕರೆದೊಯ್ದಿತು ಎಂದು ಕೇಳುವವರು ಮಾತ್ರ ವಿರಳ.

ವಯಸ್ಕರಿಗೆ ಓದಿನ ಎರಡನೆಯ ಅವಕಾಶ ನೀಡುವ ವಿಷಯದಲ್ಲಿ ನಮ್ಮ ದೇಶ, ಅದರಲ್ಲೂ ಕರ್ನಾಟಕ, ಹಿಂದುಳಿದಿಲ್ಲ. ಆದರೆ ಓದಿದವರನ್ನು ಉದ್ಯೋಗದ ಹೊಸ್ತಿಲವರೆಗೆ ನಡೆಸಿಕೊಂಡು ಹೋಗುವ ವಿಷಯದಲ್ಲಿ ನಮ್ಮ ವ್ಯವಸ್ಥೆ ಪರೀಕ್ಷಾ ಕೊಠಡಿಯ ಬಾಗಿಲಲ್ಲೇ ಕೈಬಿಡುತ್ತದೆ. ಈ ಅರ್ಧ ದಾರಿಯ ಬಗ್ಗೆ ಗಂಭೀರವಾಗಿ ಚಿಂತಿಸಬೇಕಾದ ಕಾಲ ಬಂದಿದೆ.

ಅವಕಾಶಗಳ ಇತಿಹಾಸ

ಮೈಸೂರು ಸಂಸ್ಥಾನದ ಕಾಲದಿಂದಲೂ ವಯಸ್ಕರ ಶಿಕ್ಷಣ ನಮ್ಮಲ್ಲಿ ಗೌರವದ ಕೆಲಸವಾಗಿತ್ತು. ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿಯು ಅಕ್ಷರ ಕಲಿಸಿ ಸುಮ್ಮನಾಗದೆ, ಗ್ರಾಮೀಣ ಯುವಕರಿಗಾಗಿ ವಿದ್ಯಾಪೀಠಗಳನ್ನು ನಡೆಸಿತು. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಆರಂಭವಾಯಿತು. ತೊಂಬತ್ತರ ದಶಕದಲ್ಲಿ ಸಂಪೂರ್ಣ ಸಾಕ್ಷರತಾ ಆಂದೋಲನ ಜಿಲ್ಲೆ ಜಿಲ್ಲೆಗಳಲ್ಲಿ ಬೀದಿನಾಟಕ, ಜಾಥಾಗಳ ರೂಪದಲ್ಲಿ ಹಬ್ಬದಂತೆ ನಡೆಯಿತು. ಆದರೂ 2011ರ ಜನಗಣತಿಯ ವೇಳೆಗೆ ರಾಜ್ಯದ ಸಾಕ್ಷರತಾ ಪ್ರಮಾಣ ಶೇ 75.36ಕ್ಕೆ ನಿಂತಿತ್ತು. ಅಂದರೆ ಏಳು ವರ್ಷ ಮೀರಿದ ನಾಲ್ವರಲ್ಲಿ ಒಬ್ಬರು ಅಕ್ಷರದಿಂದ ಹೊರಗೇ ಉಳಿದಿದ್ದರು. ಅಕ್ಷರ ಕಲಿತೂ ಏಳನೆಯ ತರಗತಿಗೋ ಒಂಬತ್ತನೆಯ ತರಗತಿಗೋ ಶಾಲೆ ಬಿಟ್ಟವರು ಈ ಲೆಕ್ಕದಲ್ಲಿ ಸೇರಿಲ್ಲ.

ಇಂಥವರಿಗೆಂದೇ ಹಲವು ಬಾಗಿಲುಗಳು ತೆರೆದುಕೊಂಡಿವೆ. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಪರೀಕ್ಷೆಗಳನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯಬಹುದು. 1989ರಲ್ಲಿ ಸ್ಥಾಪನೆಯಾಗಿ, ಈಗ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ ಎಂದು ಕರೆಸಿಕೊಳ್ಳುವ ಸಂಸ್ಥೆಯಲ್ಲಿ ಗರಿಷ್ಠ ವಯೋಮಿತಿಯೇ ಇಲ್ಲ. ಒಮ್ಮೆ ನೋಂದಾಯಿಸಿದರೆ ಐದು ವರ್ಷಗಳ ಅವಧಿಯಲ್ಲಿ ತಮಗೆ ಅನುಕೂಲವಾದಾಗ ಒಂದೊಂದೇ ವಿಷಯ ಮುಗಿಸಬಹುದು. ಅಂಚೆ ಮೂಲಕ ಪದವಿ ಓದಿಸುವ ಕೆಲಸವನ್ನು ಮೈಸೂರು ವಿಶ್ವವಿದ್ಯಾಲಯ 1969ರಷ್ಟು ಹಿಂದೆಯೇ ಕೈಗೆತ್ತಿಕೊಂಡಿತ್ತು. 1996ರಲ್ಲಿ ಆ ಹೊಣೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ ಬಂತು. ನಗರಗಳಲ್ಲಿ ಸಂಜೆ ಕಾಲೇಜುಗಳಿವೆ. ಕೈಗಾರಿಕಾ ತರಬೇತಿ ಸಂಸ್ಥೆಗಳ ಅಂದರೆ ಐಟಿಐಗಳ ಪ್ರವೇಶಕ್ಕೂ ಗರಿಷ್ಠ ವಯಸ್ಸಿನ ಕಟ್ಟಳೆ ಇಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ವಯಸ್ಕರ ಶಿಕ್ಷಣವನ್ನು ಐದು ಭಾಗಗಳಾಗಿ ಗುರುತಿಸಿತು. ಮೂಲ ಸಾಕ್ಷರತೆ, ಬದುಕಿನ ಕೌಶಲ, ವೃತ್ತಿ ಕೌಶಲ, ಮೂಲ ಶಿಕ್ಷಣ ಮತ್ತು ಮುಂದುವರಿಕೆ ಶಿಕ್ಷಣ. ಅದನ್ನು ಆಧರಿಸಿ 15 ವರ್ಷ ಮೀರಿದವರಿಗಾಗಿ 2022ರಿಂದ 2027ರವರೆಗಿನ ಐದು ವರ್ಷಗಳಿಗೆ ರೂಪುಗೊಂಡ ನವಭಾರತ ಸಾಕ್ಷರತಾ ಕಾರ್ಯಕ್ರಮಕ್ಕೆ ₹1,037.90 ಕೋಟಿ ಅಂದಾಜು ವೆಚ್ಚ ನಿಗದಿಯಾಯಿತು. ಕಾಗದದ ಮೇಲೆ ಎಲ್ಲವೂ ಸರಿಯಾಗಿದೆ. ಆದರೆ ಈ ಐದು ಭಾಗಗಳನ್ನು ಒಂದಕ್ಕೊಂದು ಹೊಲಿಯುವ ದಾರ ಎಲ್ಲಿದೆ? ಓದುವ ವ್ಯಕ್ತಿಯ ಎದುರು ಕುಳಿತು, 'ನಿಮಗೆ ಯಾವ ಕೆಲಸ ಬೇಕು? ಅದಕ್ಕೆ ಈ ಓದು ಸರಿಯಾದ ದಾರಿಯೇ?' ಎಂದು ಕೇಳುವವರು ಯಾರು?

ಒಂದು ಲೆಕ್ಕ ತಪ್ಪಿದರೆ

ಈ ಪ್ರಶ್ನೆಯನ್ನು ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ನೋಡೋಣ. 33 ವರ್ಷದ ಗೃಹಿಣಿಯೊಬ್ಬಳಿಗೆ ತನ್ನೂರಿನ ಅಂಗನವಾಡಿಯಲ್ಲಿ ಕಾರ್ಯಕರ್ತೆಯಾಗಬೇಕೆಂಬ ಆಸೆ ಎಂದಿಟ್ಟುಕೊಳ್ಳಿ. ಅದಕ್ಕಾಗಿಯೇ ಅವಳು ಮತ್ತೆ ಪುಸ್ತಕ ಹಿಡಿಯುತ್ತಾಳೆ. 34ನೆಯ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಯುತ್ತದೆ. ಪಿಯುಸಿಗೆ ಮತ್ತೆರಡು ವರ್ಷ ಹಿಡಿದರೆ ಆಕೆಗೆ 36 ತುಂಬುತ್ತದೆ. ಕರ್ನಾಟಕದಲ್ಲಿ ಅಂಗನವಾಡಿ ಕಾರ್ಯಕರ್ತೆಯ ಹುದ್ದೆಗೆ ಪಿಯುಸಿ, ಸಹಾಯಕಿಯ ಹುದ್ದೆಗೆ ಎಸ್ಸೆಸ್ಸೆಲ್ಸಿ ಕೇಳಲಾಗುತ್ತಿದೆ. ವಯಸ್ಸು ಸಾಮಾನ್ಯವಾಗಿ 19ರಿಂದ 35. ಅಂದರೆ ಆಕೆ ಮೂರು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿ ಅರ್ಹತೆ ಗಳಿಸುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ. ಎಸ್ಸೆಸ್ಸೆಲ್ಸಿ ಆದೊಡನೆ ಸಹಾಯಕಿಯ ಹುದ್ದೆಗೆ ಅರ್ಜಿ ಹಾಕಬಹುದಿತ್ತು. ಕೆಲಸದಲ್ಲಿದ್ದುಕೊಂಡೇ ಮುಂದೆ ಓದಬಹುದಿತ್ತು. ಹತ್ತು ನಿಮಿಷದ ಈ ಮಾತನ್ನು ಹೇಳಲು ಯಾರೂ ಇರಲಿಲ್ಲ ಎಂಬುದಷ್ಟೇ ಆಕೆಯ ದುರದೃಷ್ಟ.

ರಾಜ್ಯ ಸರ್ಕಾರದ ಇತರ ನೇಮಕಾತಿಗಳಲ್ಲೂ ವಯಸ್ಸಿನ ಈ ಗಡಿಯಾರ ಸದ್ದಿಲ್ಲದೆ ಓಡುತ್ತಿರುತ್ತದೆ. ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ 1ಕ್ಕೆ 40 ವರ್ಷ ಎಂಬುದು ಬಹುಕಾಲದಿಂದ ಬಂದ ಸಾಮಾನ್ಯ ನಿಯಮ. ಸರ್ಕಾರ ಆಗಾಗ ಒಂದು ಬಾರಿಯ ಸಡಿಲಿಕೆ ಪ್ರಕಟಿಸುವುದುಂಟು. ವಿಧವೆಯರಿಗೆ ನಿಯಮಗಳಲ್ಲೇ ಹತ್ತು ವರ್ಷಗಳ ವಿನಾಯಿತಿ ಇದೆ. ಈ ವಿನಾಯಿತಿಯ ಅಗತ್ಯ ಯಾರಿಗೆ ಹೆಚ್ಚೋ ಅವರಿಗೇ ಅದರ ಸುಳಿವು ಇರುವುದಿಲ್ಲ.

ಇಪ್ಪತ್ತರ ತರುಣನಿಗೆ ಎರಡು ವರ್ಷ ದಾರಿ ತಪ್ಪಿದರೆ ಅದು ಅನುಭವ ಎನಿಸಿಕೊಳ್ಳುತ್ತದೆ. ಮೂವತ್ತೈದರ ಹೆಂಗಸಿಗೆ ಅದೇ ಎರಡು ವರ್ಷ ತಪ್ಪಿದರೆ ದಾರಿಯೇ ಮುಗಿದುಹೋಗಬಹುದು. ವಯಸ್ಕ ವಿದ್ಯಾರ್ಥಿಗೆ ಮಾರ್ಗದರ್ಶನ ಬೇಕಾಗಿರುವುದು ಫಲಿತಾಂಶ ಬಂದ ಮೇಲಲ್ಲ, ಪ್ರವೇಶ ಪಡೆಯುವ ದಿನವೇ ಎಂದು ಹೇಳುವುದು ಈ ಕಾರಣಕ್ಕೆ.

ಇರುವ ವ್ಯವಸ್ಥೆ ಯಾರಿಗಾಗಿ?

ಹಾಗಾದರೆ ನಮ್ಮಲ್ಲಿ ಉದ್ಯೋಗ ಮಾರ್ಗದರ್ಶನದ ವ್ಯವಸ್ಥೆಯೇ ಇಲ್ಲವೇ? ಇದೆ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ಲೇಸ್‌ಮೆಂಟ್ ವಿಭಾಗಗಳಿವೆ. ವಿಶ್ವವಿದ್ಯಾಲಯಗಳ ಆವರಣಗಳಲ್ಲಿ ಉದ್ಯೋಗ ಮಾಹಿತಿ ಮತ್ತು ಮಾರ್ಗದರ್ಶನ ಕೇಂದ್ರಗಳಿವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಕೇಂದ್ರ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರಿಗೆ ಪರಿಚಿತ. ಜಿಲ್ಲೆಗೊಂದು ಉದ್ಯೋಗ ವಿನಿಮಯ ಕಚೇರಿ ಇದೆ. 2015ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ವೃತ್ತಿ ಸೇವೆ ಎಂಬ ಅಂತರ್ಜಾಲ ವೇದಿಕೆಯನ್ನೂ ತೆರೆಯಿತು. ಆದರೆ ಇವೆಲ್ಲವುಗಳ ಕಣ್ಣೆದುರು ಇರುವ ವಿದ್ಯಾರ್ಥಿ ಇಪ್ಪತ್ತೊಂದರ ಪದವೀಧರ. ಅವನಿಗೆ ಹಗಲೆಲ್ಲಾ ಬಿಡುವಿದೆ, ಇಂಗ್ಲಿಷ್ ಅಷ್ಟಿಷ್ಟು ಗೊತ್ತಿದೆ, ಹಿಂದೆ ಅಪ್ಪ ಅಮ್ಮನ ಆಸರೆಯಿದೆ. ಸಂಜೆ ಆರರ ನಂತರವಷ್ಟೇ ಬಿಡುವಾಗುವ, ಒಂದು ದಿನದ ಕೂಲಿ ಬಿಟ್ಟರೆ ಮನೆಯ ಲೆಕ್ಕ ಏರುಪೇರಾಗುವ ವಯಸ್ಕನಿಗೆ ಹತ್ತರಿಂದ ಐದರವರೆಗೆ ತೆರೆದಿರುವ ಕಚೇರಿ ಇದ್ದೂ ಇಲ್ಲದಂತೆ.

ಕಾನೂನು ಮಾತ್ರ ಒಂದು ಹೆಜ್ಜೆ ಮುಂದಿಟ್ಟಿದೆ. 1959ರ ಉದ್ಯೋಗ ವಿನಿಮಯ ಕೇಂದ್ರಗಳ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡ 2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಅದು ಹಳೆಯ ವಿನಿಮಯ ಕೇಂದ್ರಗಳನ್ನು 'ವೃತ್ತಿ ಕೇಂದ್ರ' ಎಂದು ಕರೆದು, ಖಾಲಿ ಹುದ್ದೆಗಳ ಮಾಹಿತಿಯ ಜೊತೆಗೆ ವೃತ್ತಿ ಮಾರ್ಗದರ್ಶನ, ಸಮಾಲೋಚನೆಗಳನ್ನೂ ಅವುಗಳ ವ್ಯಾಖ್ಯೆಯಲ್ಲಿ ಸೇರಿಸಿದೆ. ಫಲಕ ಬದಲಾದರೆ ಸಾಲದು. ಒಳಗೆ ಕುಳಿತವರ ಕೆಲಸವೂ ಬದಲಾಗಬೇಕು. ಹೆಸರು ನೋಂದಾಯಿಸಿಕೊಂಡು ಚೀಟಿ ಕೊಡುವ ಗುಮಾಸ್ತಿಕೆಯಿಂದ, ಎದುರಿಗಿರುವ ಮನುಷ್ಯನ ಬದುಕನ್ನು ಕೇಳಿಸಿಕೊಳ್ಳುವ ಕೆಲಸಕ್ಕೆ ಅದು ಹೊರಳಬೇಕು.

ಅನುಭವವೆಂಬ ಬಂಡವಾಳ

ಕೇಳಿಸಿಕೊಳ್ಳಬೇಕಾದದ್ದು ಏನನ್ನು? ವಯಸ್ಕ ವಿದ್ಯಾರ್ಥಿ ಖಾಲಿ ಪಾಟಿಯಲ್ಲ. ಅವನು, ಅವಳು ಈಗಾಗಲೇ ದುಡಿದವರು. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಹತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕುಳಿತ ಹೆಂಗಸನ್ನು ನಿಮಗೇನು ಗೊತ್ತಿದೆ ಎಂದು ಕೇಳಿದರೆ, 'ಟೈಲರಿಂಗ್ ಬಿಟ್ಟು ಬೇರೇನೂ ಗೊತ್ತಿಲ್ಲ ಸಾರ್' ಎನ್ನುತ್ತಾಳೆ. ನಿಜಕ್ಕೂ ಅವಳಿಗೆ ಗಂಟೆಗಿಷ್ಟು ಎಂಬ ಗುರಿಯನ್ನು ಮುಟ್ಟುವುದು ಗೊತ್ತು. ಕೈಗೆ ಬಂದ ಬಟ್ಟೆಯಲ್ಲಿ ದೋಷ ಹಿಡಿಯುವುದು ಗೊತ್ತು. ಹೊಸಬರಿಗೆ ಕಲಿಸುವುದು, ಮೇಲ್ವಿಚಾರಕರ ಒತ್ತಡದ ನಡುವೆ ಸಾಲಿನ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದೂ ಗೊತ್ತು. ಗುಣಮಟ್ಟ ಪರಿಶೀಲನೆ, ದಾಸ್ತಾನು ನಿರ್ವಹಣೆ, ತರಬೇತಿ ಎಂದು ಕಂಪನಿಗಳು ದೊಡ್ಡ ಹೆಸರಿಟ್ಟು ಜಾಹೀರಾತು ಕೊಡುವುದು ಇಂಥ ಕೌಶಲಗಳಿಗಾಗಿಯೇ.

2000ದಲ್ಲಿ ರಾಜ್ಯದಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ಸ್ವಸಹಾಯ ಸಂಘಗಳಲ್ಲಿ ವರ್ಷಗಟ್ಟಲೆ ನಡಾವಳಿ ಪುಸ್ತಕ ಬರೆದವರು, ಸಾಲದ ಕಂತಿನ ಲೆಕ್ಕ ಇಟ್ಟವರು, ಬ್ಯಾಂಕಿಗೆ ಎಡತಾಕಿದವರು ಹಳ್ಳಿ ಹಳ್ಳಿಗಳಲ್ಲಿದ್ದಾರೆ. ಅರ್ಜಿಯಲ್ಲಿ 'ಅನುಭವ' ಎಂಬ ಜಾಗಕ್ಕೆ ಬಂದಾಗ ಇವರೆಲ್ಲ 'ಇಲ್ಲ' ಎಂದು ಗೀಟು ಎಳೆಯುತ್ತಾರೆ. ಬದುಕಿನಲ್ಲಿ ಮಾಡಿದ್ದನ್ನು ಉದ್ಯೋಗದ ಭಾಷೆಗೆ ತರುವುದೇ ಮಾರ್ಗದರ್ಶಕನ ಮೊದಲ ಕೆಲಸ. ಇದರಲ್ಲಿ ಸುಳ್ಳಿಲ್ಲ, ಉತ್ಪ್ರೇಕ್ಷೆಯೂ ಇಲ್ಲ. ಇರುವುದನ್ನು ಇದ್ದಂತೆ ಹೇಳಿಸುವುದಷ್ಟೇ.

ಹೀಗೆ ಗುರುತಿಸಿದ ಅನುಭವಕ್ಕೆ ಅಧಿಕೃತ ಮುದ್ರೆ ಒತ್ತಿಸಿಕೊಳ್ಳುವ ದಾರಿಗಳೂ ಇವೆ. ಪ್ರಧಾನ ಮಂತ್ರಿ ಕೌಶಲ ವಿಕಾಸ ಯೋಜನೆಯಡಿ, ಕೆಲಸದಲ್ಲೇ ಕಲಿತ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವ 'ಪೂರ್ವ ಕಲಿಕೆಯ ಮಾನ್ಯತೆ' ಎಂಬ ವ್ಯವಸ್ಥೆ ರೂಪುಗೊಂಡಿತು. ತಮ್ಮ ವೃತ್ತಿಯಲ್ಲಿ ಮೂರು ವರ್ಷ ದುಡಿದ ಅನುಭವಸ್ಥರು ಐಟಿಐ ತರಗತಿಯಲ್ಲಿ ಕೂರದೆಯೇ ಖಾಸಗಿ ಅಭ್ಯರ್ಥಿಯಾಗಿ ಅಖಿಲ ಭಾರತ ವೃತ್ತಿ ಪರೀಕ್ಷೆ ಬರೆಯಲು ಅವಕಾಶ ಕಲ್ಪಿಸಲಾಗಿದೆ. ಎಲೆಕ್ಟ್ರಿಷಿಯನ್ ಜೊತೆ ಸಹಾಯಕನಾಗಿ ವರ್ಷಗಳನ್ನು ಸವೆಸಿದವನು ವಿದ್ಯುತ್ ಪರಿವೀಕ್ಷಣಾಲಯದಿಂದ ವೈರ್‌ಮನ್ ಪರವಾನಗಿ ಪಡೆಯುವ ದಾರಿ ವಿಚಾರಿಸಬಹುದು. ಸಾರಿಗೆ ವಾಹನ ಓಡಿಸುವ ಲೈಸೆನ್ಸಿಗೆ ಎಂಟನೆಯ ತರಗತಿ ಪಾಸಾಗಿರಬೇಕೆಂಬ ಷರತ್ತನ್ನು ಕೇಂದ್ರ ಸರ್ಕಾರ 2019ರಲ್ಲೇ ತೆಗೆದುಹಾಕಿತು. ಅದು ತಿಳಿಯದೆ, ಓದಿಲ್ಲದ ಕಾರಣ ತಮಗೆ ಆ ದಾರಿಯಿಲ್ಲ ಎಂದುಕೊಂಡು ಕುಳಿತವರೂ ಇರುತ್ತಾರೆ. ಮಾಹಿತಿ ಎಂಬುದು ಇರುವವರಿಗೆ ಅಗ್ಗ, ಇಲ್ಲದವರಿಗೆ ಬಹಳ ತುಟ್ಟಿ.

ಕಣ್ಣಾರೆ ಕಂಡು ಆರಿಸಲಿ

ವೃತ್ತಿಯ ಆಯ್ಕೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಅಭಿರುಚಿ ಪರೀಕ್ಷೆ, ಪಟ್ಟಿ, ಅಂಕ. ಹದಿನೈದರ ಹುಡುಗನಿಗೆ ಅದು ಉಪಯೋಗಕ್ಕೆ ಬಂದೀತು. ವಯಸ್ಕನ ಆಯ್ಕೆಯಲ್ಲಿ ಆಸಕ್ತಿಯ ಜೊತೆಗೆ ಇನ್ನೂ ಐದು ಪ್ರಶ್ನೆಗಳು ಅಂಟಿಕೊಂಡಿರುತ್ತವೆ. ಕೈಗೆ ಬರುವ ಸಂಬಳ ಎಷ್ಟು? ಮನೆಯಿಂದ ದೂರ ಎಷ್ಟು? ಕೆಲಸದ ವೇಳೆ ಮಕ್ಕಳ ಶಾಲೆಗೆ, ಹಿರಿಯರ ಔಷಧಿಗೆ ಹೊಂದುತ್ತದೆಯೇ? ಇನ್ನು ಹತ್ತು ವರ್ಷ ದೇಹ ಈ ಶ್ರಮ ತಾಳುತ್ತದೆಯೇ? ಐದು ವರ್ಷಗಳ ನಂತರ ಮೇಲಿನ ಮೆಟ್ಟಿಲು ಯಾವುದು? ಈ ಐದಕ್ಕೂ ಉತ್ತರ ಯಾವ ಕೈಪಿಡಿಯಲ್ಲೂ ಸಿಗುವುದಿಲ್ಲ. ಆ ಕೆಲಸವನ್ನು ಈಗ ಮಾಡುತ್ತಿರುವವರ ಬಾಯಲ್ಲಿ ಸಿಗುತ್ತದೆ.

ಆದ್ದರಿಂದ ಸಂಜೆ ಕಾಲೇಜುಗಳು, ಮುಕ್ತ ಶಾಲೆಯ ಅಧ್ಯಯನ ಕೇಂದ್ರಗಳು ವರ್ಷಕ್ಕೆ ನಾಲ್ಕು ಸಲವಾದರೂ ವೃತ್ತಿನಿರತರನ್ನು ಕರೆಸಿ ಮಾತನಾಡಿಸಲಿ. ಸಾಧಕರ ಭಾಷಣ ಬೇಡ. ಆಸ್ಪತ್ರೆಯ ಶುಶ್ರೂಷಕಿ, ಪ್ರಯೋಗಾಲಯದ ತಂತ್ರಜ್ಞ, ಬಿಎಂಟಿಸಿ ನಿರ್ವಾಹಕ, ಸಹಕಾರಿ ಬ್ಯಾಂಕಿನ ಗುಮಾಸ್ತೆ, ಸ್ವಂತ ಬೇಕರಿ ನಡೆಸುವವನು ಬಂದು ತಮ್ಮ ಒಂದು ದಿನ ಹೇಗಿರುತ್ತದೆ ಎಂದು ಹೇಳಿದರೆ ಸಾಕು. ಸಾಧ್ಯವಾದಲ್ಲಿ ಒಂದು ದಿನ ಅವರ ಜೊತೆ ಹೋಗಿ ನೋಡಿ ಬರಲಿ. ಒಂದು ವರ್ಷದ ಕೋರ್ಸಿಗೆ ಸಾಲ ಮಾಡಿ ಶುಲ್ಕ ಕಟ್ಟಿದ ಮೇಲೆ, ಈ ಕೆಲಸದಲ್ಲಿ ರಾತ್ರಿ ಪಾಳಿ ಇದೆ ಎಂದು ತಿಳಿಯುವ ಬದಲು ಒಂದು ದಿನದ ಬಸ್ ಪ್ರಯಾಣದಲ್ಲೇ ಅದು ತಿಳಿದುಬಿಡಲಿ. ಬಸ್ಸಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು: 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆ, ರಾಜ್ಯದ ಸಾರಿಗೆ ಸಂಸ್ಥೆಗಳ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ನೀಡಿ, ಅವರು ಕೆಲಸ ಹುಡುಕಬಹುದಾದ ವ್ಯಾಪ್ತಿಯನ್ನು ಹಿಗ್ಗಿಸಿತು. ಐದು ಕಿಲೋಮೀಟರಿಗೆ ಸೀಮಿತವಾಗಿದ್ದ ಹುಡುಕಾಟ ಇಪ್ಪತ್ತೈದಕ್ಕೆ ಚಾಚಬಹುದು ಎಂಬ ಅರಿವನ್ನೂ ಯಾರಾದರೂ ಮೂಡಿಸಬೇಕಷ್ಟೆ.

ಸಿದ್ಧತೆಯ ಸಣ್ಣ ಸಂಗತಿಗಳು

ಕೆಲಸ ಯಾವುದೆಂದು ಗೊತ್ತಾದ ಮೇಲೂ ವಯಸ್ಕರು ಎಡವುವುದು ದೊಡ್ಡ ಕಲ್ಲುಗಳಿಗಲ್ಲ, ಸಣ್ಣ ಹರಳುಗಳಿಗೆ. ಶಾಲೆಯ ವರ್ಗಾವಣೆ ಪತ್ರದಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಮತ್ತೊಂದು. ತವರಿನ ಇನಿಷಿಯಲ್ ಒಂದರಲ್ಲಿ, ಗಂಡನ ಹೆಸರು ಇನ್ನೊಂದರಲ್ಲಿ. ಜನ್ಮದಿನಾಂಕ ಎರಡು ಕಡೆ ಎರಡು ಬಗೆ. ದಾಖಲೆ ಪರಿಶೀಲನೆಯ ದಿನ ಇದು ಬಯಲಾದರೆ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ. ತರಗತಿ ಸೇರಿದ ಮೊದಲ ತಿಂಗಳಲ್ಲೇ ಎಲ್ಲ ದಾಖಲೆಗಳನ್ನು ಮೇಜಿನ ಮೇಲೆ ಹರಡಿ ಹೋಲಿಸಿ ನೋಡುವ ಪದ್ಧತಿ ಬೆಳೆದರೆ ಎಷ್ಟೋ ಕಣ್ಣೀರು ಉಳಿದೀತು.

ಸ್ವವಿವರ ಬರೆಯುವಾಗ ನಡುವೆ ಬಿಟ್ಟುಹೋದ ವರ್ಷಗಳನ್ನು ಹೇಗೆ ಹೇಳಬೇಕು ಎಂಬುದು ಇನ್ನೊಂದು ಅಳುಕು. ಮಕ್ಕಳನ್ನು ಸಾಕಿದೆ, ಅತ್ತೆಯ ಆರೈಕೆ ಮಾಡಿದೆ ಎಂದು ನೇರವಾಗಿ ಹೇಳುವುದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ ಎಂಬ ಧೈರ್ಯ ತುಂಬಬೇಕು. ಸಂದರ್ಶನದಲ್ಲಿ ತನಗಿಂತ ಹತ್ತು ವರ್ಷ ಚಿಕ್ಕವರು ಪ್ರಶ್ನೆ ಕೇಳಿದಾಗ ಮುದುಡಿಹೋಗದಂತೆ ನಾಲ್ಕಾರು ಬಾರಿ ಅಣಕು ಸಂದರ್ಶನ ನಡೆಸಬೇಕು. ಮೊಬೈಲಿನಲ್ಲಿ ವಿಡಿಯೊ ನೋಡಬಲ್ಲವರೆಲ್ಲ ಇ-ಮೇಲ್ ಬರೆಯಬಲ್ಲರು, ಅರ್ಜಿಗೆ ಕಡತ ಲಗತ್ತಿಸಬಲ್ಲರು ಎಂದು ಭಾವಿಸುವಂತಿಲ್ಲ. ಅದನ್ನು ಕೂರಿಸಿ ಕಲಿಸಬೇಕು. ಇಂಗ್ಲಿಷ್ ಇಲ್ಲದೆ ಕೆಲಸವಿಲ್ಲ ಎಂಬ ಭಯವನ್ನು ಬಿತ್ತಿ ದುಬಾರಿ ಕೋರ್ಸು ಮಾರುವವರೂ ಇದ್ದಾರೆ. ಯಾವ ಕೆಲಸಕ್ಕೆ ಎಷ್ಟು ಇಂಗ್ಲಿಷ್ ಬೇಕು ಎಂದು ಬಿಡಿಸಿ ಹೇಳಿದರೆ ಅರ್ಧ ಭಯ ಕರಗುತ್ತದೆ.

ಕೆಲಸಕ್ಕೆ ಸೇರಿದ ಮೇಲಿನ ತಿಳಿವಳಿಕೆಯೂ ಸಿದ್ಧತೆಯ ಭಾಗವೇ. ನೇಮಕಾತಿ ಪತ್ರ ಕೇಳುವುದು, ವೇತನ ಚೀಟಿ ಓದುವುದು, ಭವಿಷ್ಯ ನಿಧಿಯ ಖಾತೆ ಸಂಖ್ಯೆಯನ್ನು ಇಟ್ಟುಕೊಳ್ಳುವುದು, ಇಎಸ್‌ಐ ಸೌಲಭ್ಯ ತನಗಿದೆಯೇ ಎಂದು ವಿಚಾರಿಸುವುದನ್ನು ಕಲಿಸಬೇಕು. ಠೇವಣಿ ಕಟ್ಟಿದರೆ ಮನೆಯಲ್ಲೇ ಕೆಲಸ ಎನ್ನುವ ಸಂದೇಶಗಳ ಬಗ್ಗೆ ಎಚ್ಚರಿಸಬೇಕು. ಕೆಲಸ ಕೊಡುವವನು ಹಣ ಕೊಡುತ್ತಾನೆ, ಕೇಳುವುದಿಲ್ಲ ಎಂಬ ಒಂದೇ ಸೂತ್ರ ಹಲವರ ಉಳಿತಾಯವನ್ನು ಕಾಪಾಡಬಲ್ಲದು.

ಹಾಗೆಯೇ, ಸೇರುವ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ಮೊದಲೇ ನೋಡಿಕೊಳ್ಳುವ ಅಭ್ಯಾಸ. ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2012–13ರ ನಂತರದ ಸಾಲುಗಳಿಗೆ ಮಾನ್ಯತೆ ಇಲ್ಲವೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ 2015ರಲ್ಲಿ ಪ್ರಕಟಿಸಿದಾಗ ಅತಂತ್ರರಾದವರು ವಿದ್ಯಾರ್ಥಿಗಳು. 2018ರಲ್ಲಿ ಮಾನ್ಯತೆ ಮರಳಿತು, ಪ್ರವೇಶಗಳು ಮತ್ತೆ ಆರಂಭವಾದವು. ಆದರೆ ಆ ನಡುವಿನ ವರ್ಷಗಳಲ್ಲಿ ಬಡ್ತಿಗಾಗಿ, ನೇಮಕಾತಿಗಾಗಿ ಆ ಪದವಿಯನ್ನೇ ನೆಚ್ಚಿಕೊಂಡಿದ್ದ ವಯಸ್ಕರು ತೆತ್ತ ಬೆಲೆಯನ್ನು ಮರೆಯಲಾಗದು. ಸಂಸ್ಥೆಯ ಹೆಸರು ದೊಡ್ಡದಿದ್ದರೂ, ಆಯಾ ವರ್ಷ, ಆಯಾ ಕೋರ್ಸಿಗೆ ಮಾನ್ಯತೆ ಇದೆಯೇ ಎಂಬುದನ್ನು ಪರಿಶೀಲಿಸಿ ಹೇಳುವ ಹೊಣೆ ಮಾರ್ಗದರ್ಶಕನದು.

ನಮ್ಮಲ್ಲೇ ಇರುವ ಮಾದರಿ

ಇದಕ್ಕೆಲ್ಲ ಹೊರಗಿನ ಮಾದರಿಯೇ ಬೇಕೆಂದಿಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳು ಸೇರಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆ ಸ್ವಉದ್ಯೋಗದ ತರಬೇತಿಗೆ ದೇಶಕ್ಕೇ ಮಾದರಿಯಾಯಿತು. ಬ್ಯಾಂಕುಗಳು ಜಿಲ್ಲೆ ಜಿಲ್ಲೆಗಳಲ್ಲಿ ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಅದನ್ನು ನೋಡಿಯೇ ಹುಟ್ಟಿಕೊಂಡವು. ಊಟ, ವಸತಿ ಸಹಿತ ಕೆಲವೇ ವಾರಗಳ ಉಚಿತ ತರಬೇತಿ ಎಂಬುದು ಅದರ ಒಂದು ಮುಖ. ಹೆಚ್ಚು ಮುಖ್ಯವಾದದ್ದು ಇನ್ನೊಂದು: ತರಬೇತಿ ಮುಗಿದ ಮೇಲೂ ಎರಡು ವರ್ಷ ಅಭ್ಯರ್ಥಿಯ ಬೆನ್ನಿಗಿದ್ದು, ಬ್ಯಾಂಕ್ ಸಾಲ ದೊರೆಯಿತೇ, ಅಂಗಡಿ ನಡೆಯುತ್ತಿದೆಯೇ ಎಂದು ವಿಚಾರಿಸುವ ಪದ್ಧತಿ. ಪ್ರಮಾಣಪತ್ರ ಕೊಟ್ಟ ದಿನ ಸಂಬಂಧ ಮುಗಿಯುವುದಿಲ್ಲ, ಅಲ್ಲಿಂದಲೇ ಆರಂಭ ಎಂಬ ಈ ತತ್ವ ನಮ್ಮ ಮುಕ್ತ ಶಾಲೆ, ಸಂಜೆ ಕಾಲೇಜು, ದೂರಶಿಕ್ಷಣ ಸಂಸ್ಥೆಗಳಿಗೂ ಬರಬೇಕು.

ಹೊರಗೆ ನೋಡುವುದಾದರೆ ಸಿಂಗಪುರದ ಉದಾಹರಣೆ ಇದೆ. ಅಲ್ಲಿ 2015ರಲ್ಲಿ ಆರಂಭವಾದ ಸ್ಕಿಲ್ಸ್‌ಫ್ಯೂಚರ್ ಯೋಜನೆ 25 ಮೀರಿದ ನಾಗರಿಕರಿಗೆ ಕಲಿಕೆಗಾಗಿ 500 ಡಾಲರುಗಳ ಜಮೆ ನೀಡಿತು; 2024ರಲ್ಲಿ 40 ದಾಟಿದವರಿಗೆ ಇನ್ನೂ 4,000 ಸಿಂಗಪುರ ಡಾಲರುಗಳನ್ನು ಸೇರಿಸಿತು. ಅಷ್ಟು ಹಣ ನಮ್ಮಲ್ಲಿಲ್ಲದಿರಬಹುದು. ಆದರೆ ನಲವತ್ತರ ನಂತರವೂ ಮನುಷ್ಯ ಹೊಸ ವೃತ್ತಿ ಕಲಿಯಬಲ್ಲ, ಕಲಿಯಬೇಕು ಎಂದು ಒಂದು ಸರ್ಕಾರ ನಂಬಿ ನಡೆದದ್ದು ಗಮನಿಸತಕ್ಕದ್ದು.

ಎರಡು ಆಕ್ಷೇಪಗಳು

ಇಲ್ಲಿ ಎರಡು ಆಕ್ಷೇಪಗಳು ಏಳುವುದು ಸಹಜ. ಮೊದಲನೆಯದು, ತರುಣರಿಗೇ ಕೆಲಸವಿಲ್ಲದಿರುವಾಗ ವಯಸ್ಕರಿಗೆ ಮಾರ್ಗದರ್ಶನ ಮಾಡಿ ಏನು ಫಲ? ಹೊಸ ಪದವೀಧರರಿಗೆ ತಿಂಗಳಿಗೆ ₹3,000, ಡಿಪ್ಲೊಮಾ ಪಡೆದವರಿಗೆ ₹1,500 ನಿರುದ್ಯೋಗ ಭತ್ಯೆ ನೀಡುವ ಯುವನಿಧಿ ಯೋಜನೆಯನ್ನು ರಾಜ್ಯ ಸರ್ಕಾರ 2023ರಲ್ಲಿ ರೂಪಿಸಬೇಕಾಯಿತು ಎಂಬುದೇ ಪರಿಸ್ಥಿತಿಯನ್ನು ಹೇಳುತ್ತದೆ. ಮಾರ್ಗದರ್ಶನದಿಂದ ಹುದ್ದೆಗಳು ಸೃಷ್ಟಿಯಾಗುವುದಿಲ್ಲ, ನಿಜ. ಆದರೆ ಕೆಲಸ ಕಡಿಮೆ ಇರುವಾಗಲೇ ತಪ್ಪು ದಾರಿಗೆ ವ್ಯಯಿಸುವ ಶ್ರಮ ಹೆಚ್ಚು ದುಬಾರಿಯಾಗುತ್ತದೆ. ಕೈಯಲ್ಲಿ ಇರುವುದೇ ನಾಲ್ಕು ಕಾಸು ಎಂದಾದರೆ ಅದನ್ನು ಎಲ್ಲಿ ಹಾಕಬೇಕೆಂಬ ವಿವೇಕವೂ ಬೇಕಲ್ಲವೇ?

ಎರಡನೆಯದು ಇನ್ನೂ ಗಹನವಾದದ್ದು. ಓದು ಎಂಬುದು ಹೊಟ್ಟೆಪಾಡಿಗಷ್ಟೇ ಏಕಿರಬೇಕು? ಬಸ್ಸಿನ ಫಲಕ ಓದಲು, ಮೊಮ್ಮಗಳ ಪುಸ್ತಕ ಬಿಡಿಸಲು, ಹೆಬ್ಬೆಟ್ಟಿನ ಬದಲು ಸಹಿ ಹಾಕಲು ಕಲಿಯುವವರ ಹಂಬಲಕ್ಕೆ ಬೆಲೆ ಕಟ್ಟಲಾದೀತೇ? ಖಂಡಿತ ಇಲ್ಲ. ಕಲಿಕೆಯ ಆ ಸಂತೋಷವನ್ನು ಸಂಬಳದ ತಕ್ಕಡಿಯಲ್ಲಿ ತೂಗುವುದು ಅಪಚಾರ. ಅದಕ್ಕೆಂದೇ ಮೊದಲ ದಿನ 'ನೀವು ಏಕೆ ಓದಲು ಬಂದಿರಿ?' ಎಂದು ಕೇಳಬೇಕು. ಆತ್ಮಗೌರವಕ್ಕಾಗಿ ಬಂದವರನ್ನು ಹಾಗೆಯೇ ಗೌರವಿಸೋಣ. ಕೆಲಸಕ್ಕಾಗಿ ಬಂದವರಿಗೆ ಆತ್ಮಗೌರವದ ಮಾತನ್ನಷ್ಟೇ ಕೊಟ್ಟು ಕಳುಹಿಸುವುದು ಬೇಡ.

ಮಾಡಬೇಕಾದದ್ದು

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ವಯಸ್ಕರನ್ನು ಸೇರಿಸಿಕೊಳ್ಳುವ ಪ್ರತಿ ಸಂಸ್ಥೆಯೂ ಪ್ರವೇಶದ ವೇಳೆಯಲ್ಲಿ ಒಂದು ಗಂಟೆಯ ವೈಯಕ್ತಿಕ ಮಾತುಕತೆಯನ್ನು ಕಡ್ಡಾಯ ಮಾಡಲಿ. ವಯಸ್ಸು, ಅನುಭವ, ಮನೆಯ ಪರಿಸ್ಥಿತಿ, ಬಯಸಿದ ಕೆಲಸ, ಅದಕ್ಕಿರುವ ವಯೋಮಿತಿ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ವಿದ್ಯಾರ್ಥಿಯ ಕೈಗೇ ಕೊಡಲಿ. ಹೊಸ ವೃತ್ತಿ ಕೇಂದ್ರಗಳು ವಾರದಲ್ಲಿ ಎರಡು ಸಂಜೆ ಮತ್ತು ಭಾನುವಾರ ತೆರೆದಿರಲಿ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಇಂದು ಅರಿವು ಕೇಂದ್ರಗಳಾಗಿ ಮಾರ್ಪಟ್ಟಿವೆ. ಅಲ್ಲಿಯೇ ಅರ್ಜಿ ತುಂಬಲು ನೆರವು ಸಿಗುವಂತಾಗಲಿ. ಎಷ್ಟು ಜನ ಪಾಸಾದರು ಎಂಬುದರ ಜೊತೆಗೆ, ಪಾಸಾದವರು ಒಂದು ವರ್ಷದ ನಂತರ ಎಲ್ಲಿದ್ದಾರೆ ಎಂಬುದನ್ನೂ ಸಂಸ್ಥೆಗಳು ವಿಚಾರಿಸಿ ಪ್ರಕಟಿಸಲಿ. ಯಾವುದನ್ನು ಲೆಕ್ಕ ಹಾಕುತ್ತೇವೆಯೋ ಅದಕ್ಕಷ್ಟೇ ನಮ್ಮ ಆಡಳಿತ ಗಮನ ಕೊಡುವುದು.

ಓದುಗರಾದ ನಮ್ಮ ಪಾಲೂ ಇದರಲ್ಲಿದೆ. ನಮ್ಮಲ್ಲಿ ಬ್ಯಾಂಕಿನಿಂದ, ಶಾಲೆಯಿಂದ, ಕಚೇರಿಯಿಂದ ನಿವೃತ್ತರಾದವರು ಎಷ್ಟಿಲ್ಲ? ನೇಮಕಾತಿ ಸಮಿತಿಗಳಲ್ಲಿ ಕುಳಿತು ನೂರಾರು ಜನರನ್ನು ಸಂದರ್ಶಿಸಿದವರಿಗೆ ವಾರಕ್ಕೆ ಒಂದು ಸಂಜೆ ಹತ್ತಿರದ ಸಂಜೆ ಕಾಲೇಜಿಗೆ ಹೋಗಿ ನಾಲ್ವರಿಗೆ ಅಣಕು ಸಂದರ್ಶನ ನಡೆಸುವುದು ಕಷ್ಟವಲ್ಲ. ಸ್ವಂತ ಅಂಗಡಿ, ಕಚೇರಿ, ಕಾರ್ಖಾನೆ ಇರುವವರು ಜಾಹೀರಾತಿನಲ್ಲಿ '30ರೊಳಗಿನವರು ಮಾತ್ರ' ಎಂದು ಬರೆಯುವ ಮುನ್ನ, ಆ ಕೆಲಸಕ್ಕೆ ನಿಜಕ್ಕೂ ವಯಸ್ಸಿನ ಮಿತಿ ಬೇಕೇ ಎಂದು ಒಮ್ಮೆ ಯೋಚಿಸಲಿ. ಮನೆಗೆಲಸದಾಕೆ ಪರೀಕ್ಷೆ ಕಟ್ಟಿದ್ದೇನೆ ಎಂದಾಗ ರಜೆ ಕೊಟ್ಟು ಕೈತೊಳೆದುಕೊಳ್ಳದೆ, 'ಮುಂದೇನು ಮಾಡಬೇಕೆಂದಿದ್ದೀಯಮ್ಮ?' ಎಂದು ಕೇಳಿ, ಗೊತ್ತಿದ್ದಷ್ಟು ಹೇಳಿದರೆ ಅದೂ ಮಾರ್ಗದರ್ಶನವೇ.

ಹಗಲು ದುಡಿದು, ಮನೆಮಂದಿಗೆಲ್ಲ ಬಡಿಸಿ, ರಾತ್ರಿ ಹತ್ತರ ನಂತರ ಪುಸ್ತಕ ತೆರೆಯುವವರ ಪರಿಶ್ರಮಕ್ಕೆ ಹೊಗಳಿಕೆಯ ಕೊರತೆ ಎಂದೂ ಆಗಿಲ್ಲ. ಅವರಿಗೆ ಬೇಕಾಗಿರುವುದು ಹೊಗಳಿಕೆಗಿಂತ ಸರಳವಾದದ್ದು: ಯಾವ ದಾರಿ ಎಲ್ಲಿಗೆ ಹೋಗುತ್ತದೆ, ಎಷ್ಟು ಹೊತ್ತಿಗೆ ಬಾಗಿಲು ಮುಚ್ಚುತ್ತದೆ ಎಂಬ ನಿಖರ ಮಾಹಿತಿ. ಮರ ಬಗ್ಗುವುದಿಲ್ಲ ಎನ್ನುವ ಗಾದೆಯನ್ನು ಅವರು ತಮ್ಮ ಶ್ರಮದಿಂದ ಸುಳ್ಳಾಗಿಸಿದ್ದಾರೆ. ಆ ಶ್ರಮ ವ್ಯರ್ಥವಾಗದಂತೆ ನೋಡಿಕೊಳ್ಳುವುದು ಈಗ ಸರ್ಕಾರದ, ಶಿಕ್ಷಣ ಸಂಸ್ಥೆಗಳ ಮತ್ತು ನಮ್ಮೆಲ್ಲರ ಹೊಣೆ.